ನರಸಿಂಹುಲು ನೇಯ್ದ ನೆಟ್ಟನೆಯ ಸೀರೆ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಯಾರಾದರೂ ಹೊಸ ಗೋಡೆ ಎಬ್ಬಿಸಿದರೆ, ಬಾಗಿಲಿಗೆ ಚೌಕಟ್ಟು ಕೂರಿಸಿದರೆ, ಕರೆಯದಿದ್ದರೂ ನರಸಿಂಹುಲು ಹಾಜರಾಗುತ್ತಿದ್ದ. ಕೈ ಹಿಂದೆ ಕಟ್ಟಿ, ತಲೆ ಒಂದಿಷ್ಟು ಓರೆ ಮಾಡಿ ನೋಡಿ, "ಎಡಕ್ಕ ಅರ್ಧ ಬೆರಳು ಇಳದೈತಿ" ಎಂದು ಹೇಳಿ ಬಂದ ಹಾಗೆಯೇ ಹೋಗಿಬಿಡುತ್ತಿದ್ದ. ಮೇಸ್ತ್ರಿ ಪೆದ್ದಯ್ಯ ಅವನ ವಂಶವನ್ನೆಲ್ಲ ಬೈದುಕೊಳ್ಳುತ್ತ ತೂಗುಗುಂಡು ಇಳಿಬಿಟ್ಟು ನೋಡಿದರೆ, ಎಡಕ್ಕೆ ಅರ್ಧ ಬೆರಳು ಇಳಿದೇ ಇರುತ್ತಿತ್ತು. ಇದರಿಂದ ನರಸಿಂಹುಲುವಿಗೆ ಸಿಕ್ಕಿದ್ದು ಮಟ್ಟಗೋಲು ಎಂಬ ಅಡ್ಡಹೆಸರು, ಮತ್ತು ಪೆದ್ದಯ್ಯನ ಜೀವಮಾನದ ದ್ವೇಷ. ಎರಡನ್ನೂ ಅವನು ಸಂತೋಷದಿಂದಲೇ ಹೊತ್ತುಕೊಂಡಿದ್ದ.

ಒಂಬತ್ತನೆಯ ವಯಸ್ಸಿಗೆ ಅಪ್ಪನ ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟವನು ಅವನು. ಅಲ್ಲಿಂದ ನಲವತ್ತೆಂಟು ವರ್ಷ ನೇಯ್ದದ್ದು ಒಂದೇ ಬಗೆ, ನಾರಾಯಣಪೇಟೆಯ ಚೌಕಳಿ ಸೀರೆ. ಅಡ್ಡ ಗೆರೆ, ಉದ್ದ ಗೆರೆ, ನಡುವೆ ಚೌಕ. ಇದರಲ್ಲಿ ಹೂವಿಲ್ಲ, ನವಿಲಿಲ್ಲ, ತಪ್ಪು ಮುಚ್ಚಿಕೊಳ್ಳಲು ಬಳ್ಳಿಯೂ ಇಲ್ಲ. ಒಂದು ಗೆರೆ ವಾಲಿದರೆ ಇಡೀ ಸೀರೆ ಕುಡಿದವನ ಹಾಗೆ ನಿಲ್ಲುತ್ತದೆ. ಹೀಗಾಗಿ ಲೋಕದಲ್ಲಿ ನೆಟ್ಟಗಿರುವುದು ಮತ್ತು ಸೊಟ್ಟಗಿರುವುದು ಎಂಬ ಎರಡೇ ಜಾತಿಗಳಿವೆ ಎಂದು ಅವನು ನಂಬಿಕೊಂಡಿದ್ದ. ತಾನು ಯಾವ ಜಾತಿ ಎಂಬ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ.

ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ಅದನ್ನು ಅವನು ದೂರದ ನೆಂಟನ ಹಾಗೆ ನಡೆಸಿಕೊಂಡ. ಬಂದಿದ್ದಾನೆ, ಇರಲಿ, ನಮ್ಮ ಊಟ ನಮಗೆ. ಮಾತ್ರೆ ನೆನಪಾದ ದಿನ ನುಂಗುವುದು, ಜಿಲೇಬಿ ಕಂಡ ದಿನ ಮಾತ್ರೆ ಮರೆಯುವುದು. ಹೀಗೇ ಒಂದು ದಿನ ಎಡಗಣ್ಣಿನೊಳಗೆ ರಕ್ತನಾಳ ಒಡೆದು, ತೋರಿಸಲು ತಡಮಾಡಿ, ಆ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದಂತಾಯಿತು. ಹೆಂಡತಿ ಅನಂತಮ್ಮ ಮೂರು ದಿನ ಅತ್ತಳು. ನರಸಿಂಹುಲು ಮಾತ್ರ, "ಲಾಳಿ ಓಡಸಾಕ ಒಂದು ಕಣ್ಣು ಸಾಕು, ಇನ್ನೊಂದು ಬರೇ ಶೋಕಿಗೆ ಇತ್ತು" ಎಂದು ಮಗ್ಗಕ್ಕೆ ಇಳಿದ. ಆದರೆ ಆ ದಿನದಿಂದ ಜಿಲೇಬಿ ಅಂಗಡಿಯ ಮುಂದೆ ಹೋಗುವಾಗ ರಸ್ತೆಯ ಆ ಬದಿಗೆ ದಾಟುತ್ತಿದ್ದ. ಉಳಿದದ್ದು ಬಲಗಣ್ಣೊಂದೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಾರಾಯಣಪೇಟೆ ಹೊಸ ಜಿಲ್ಲೆಯಾಯಿತು ಎಂದು ಊರಲ್ಲಿ ಪಟಾಕಿ ಹಚ್ಚಿದ ಆ ಬೇಸಿಗೆಯಲ್ಲಿ ಇದು ಶುರುವಾಯಿತು. ಮಗ್ಗಕ್ಕೆ ಹೊಸ ಹಾಸು ಏರಿಸಿದ್ದ. ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಹಳೆಯ ಹಾಸಿನ ಕೊನೆಗೆ ಹೊಸ ಹಾಸಿನ ತುದಿಯನ್ನು ಒಂದೊಂದೇ ಎಳೆಯಾಗಿ, ಎರಡು ಮೂರು ಸಾವಿರ ಎಳೆ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆ ಕೆಲಸ ನರಸಿಂಹುಲುವಿನ ಮನೆಯಲ್ಲಿ ಮೂವತ್ತು ವರ್ಷದಿಂದ ಮಾಡುತ್ತಿದ್ದವನು ಆಶಪ್ಪ. ಇಬ್ಬರೂ ಒಂದೇ ಓಣಿಯಲ್ಲಿ ಚಡ್ಡಿ ಜಾರಿಸಿಕೊಂಡು ಓಡಿದವರು. ಒಂದು ಕಪ್ಪು ಚಹಾ ತರಿಸಿ, ಬಸಿಯಲ್ಲಿ ಒಬ್ಬ, ಕಪ್ಪಿನಲ್ಲಿ ಒಬ್ಬ ಕುಡಿಯುವಷ್ಟು ಸಲಿಗೆ.

ಹಾಸು ಏರಿಸಿ ನಾಲ್ಕು ಗೇಣು ನೇಯ್ದಿರಲಿಲ್ಲ, ಗೆರೆಗಳು ನಡುವೆ ಕುಸಿದಂತೆ ಕಂಡವು. ಎಲ್ಲಿ ದೃಷ್ಟಿ ಇಟ್ಟರೆ ಅಲ್ಲಿ ಒಂದು ತಗ್ಗು. ಸರ್ಕಾರದ ಕಣ್ಣಿನ ಶಿಬಿರದಲ್ಲಿ ಹಿಂದಿನ ವರ್ಷ ಕೊಟ್ಟಿದ್ದ ಕನ್ನಡಕವನ್ನು ಒರೆಸಿದ. ತಗ್ಗು ಹೋಗಲಿಲ್ಲ. ಎಳೆಗಳನ್ನು ಬಾಚಿ ಹಿಡಿಯುವ ಹಣಿಗೆ ಬದಲಾಯಿಸಿದ. ಮತ್ತೊಂದು ಬದಲಾಯಿಸಿದ. ಮಗ್ಗದ ಕಂಬ ಕಿತ್ತು ಮತ್ತೆ ಹುಗಿದ. ಕೊನೆಗೆ ಉಳಿದದ್ದು ಹಾಸು, ಹಾಸಿನ ಹಿಂದೆ ಆಶಪ್ಪ.

"ಎಲ್ಲೋ ಎಳಿ ತಪ್ಪಿಸೀದಿ" ಎಂದ ನರಸಿಂಹುಲು.

ಆಶಪ್ಪ ಬಂದು ಕೂತು ಒಂದೊಂದು ಎಳೆಯನ್ನೂ ಬೆರಳಲ್ಲಿ ಸರಿಸಿ ನೋಡಿದ. "ಎಲ್ಲಾ ಬರಾಬರ್ ಐತಿ. ಹಾಸು ನೆಟ್ಟಗೈತಿ."

"ನನ್ನ ಕಣ್ಣು ಸುಳ್ಳು ಹೇಳತೈತೇನು ಹಂಗಾದ್ರ?"

"ನಿನ್ನ ಕಣ್ಣಿನ ಸುದ್ದಿ ನನಗ್ಯಾಕೋ. ಕುಣೀಲಾರದಾಕಿ ನೆಲ ಡೊಂಕು ಅಂದಳಂತ."

ಗಾದೆ ಹೇಳಿದ್ದು ತಮಾಷೆಗೆ. ಆದರೆ ನಲವತ್ತೆಂಟು ವರ್ಷ ನೇಯ್ದವನಿಗೆ ಅದು ಎದೆಗೇ ಚುಚ್ಚಿತು. ನಾಲ್ಕು ಜನ ಕೇಳುವಂತೆ ನರಸಿಂಹುಲು, "ಆಶಪ್ಪಗ ವಯಸ್ಸಾತು, ಕೈ ಸೊಟ್ಟ ಆಗೈತಿ, ಇನ್ನ ಯಾರೂ ಇವನ ಕೈಲಿ ಕೆಚ್ಚಿಸಬ್ಯಾಡ್ರಿ" ಎಂದುಬಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಆಶಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು, "ಇನ್ನ ನಿನ್ನ ಹೊಸ್ತಿಲ ತುಳ್ಯಂಗಿಲ್ಲ" ಎಂದು ಹೋದವನು ಹೋದ ಹಾಗೆಯೇ ಇದ್ದ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಸುಮ್ಮನಿರುತ್ತಾನೆಯೇ. ಆಶಪ್ಪ ಕೆಡಿಸಿದ ಹಾಸನ್ನು ತಾನು ತಿದ್ದುತ್ತೇನೆ ಎಂದು ನರಸಿಂಹುಲು ಹಟ ಹಿಡಿದ. ಅಡ್ಡದ ಎಳೆಯನ್ನು ಬಡಿದು ಕೂರಿಸುವಾಗ, ಎಲ್ಲಿ ತಗ್ಗು ಕಾಣುತ್ತದೋ ಅಲ್ಲಿ ಒಂದಿಷ್ಟು ಸಡಿಲ, ಎಲ್ಲಿ ಉಬ್ಬು ಕಾಣುತ್ತದೋ ಅಲ್ಲಿ ಎರಡು ಏಟು ಜಾಸ್ತಿ. ತನ್ನ ಕಣ್ಣಿಗೆ ಗೆರೆ ನೆಟ್ಟಗಾಗುವ ತನಕ ಬಿಡಲಿಲ್ಲ. ಎಂಟು ದಿನದ ಸೀರೆ ಇಪ್ಪತ್ತು ದಿನ ಹಿಡಿಯಿತು. ಮಗ್ಗದಿಂದ ಇಳಿಸಿ, ಹೆಂಡತಿಯ ಮುಂದೆ ಹರಡಿ, "ಹೆಂಗೈತಿ?" ಎಂದು ಕೇಳಿದ.

ಅನಂತಮ್ಮ ಬಹಳ ಹೊತ್ತು ನೋಡಿದಳು. "ನೆಟ್ಟಗೈತಿ" ಎಂದಳು.

ಸೀರೆ ಕೊಳ್ಳುವ ಸಾಹುಕಾರ ಶಿವಶಂಕರಪ್ಪ ಆ ಸೀರೆಯನ್ನು ಮಡಿಕೆ ಬಿಚ್ಚಿ ನೋಡಿ, ಹಾಗೆಯೇ ಮಡಚಿ, "ಇದನ್ನ ಮನ್ಯಾಗ ಉಡಾಕ ಇಟಗೊಳ್ರಿ" ಎಂದು ವಾಪಸು ಕಳಿಸಿದ. ಅವನಿಗೆ ಆಶಪ್ಪ ಕಿವಿ ಊದಿದ್ದಾನೆ ಎಂದು ನರಸಿಂಹುಲು ತೀರ್ಮಾನ ಮಾಡಿದ. ಸೀರೆ ಅನಂತಮ್ಮನ ಪಾಲಾಯಿತು. ಅವಳು ಉಟ್ಟು ನೀರಿಗೆ ಹೋದರೆ ಓಣಿಯ ಹೆಂಗಸರು ಸೆರಗಿನ ಕಡೆ ನೋಡಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅನಂತಮ್ಮ ಕೊಡ ತುಂಬಿಸಿಕೊಂಡು ಬೇಗ ಬರುತ್ತಿದ್ದಳು.

ಗುಟ್ಟು ಒಡೆದದ್ದು ಪೆದ್ದಯ್ಯನಿಂದ. ಅವನು ಕಟ್ಟುತ್ತಿದ್ದ ಒಂದು ಗೋಡೆ ನೋಡಿ ನರಸಿಂಹುಲು ಎಂದಿನಂತೆ, "ನಡುವ ಹೊಟ್ಟಿ ಬಂದೈತಿ" ಎಂದ. ಪೆದ್ದಯ್ಯ ತೂಗುಗುಂಡು ಬಿಟ್ಟ. ದಾರ ಗೋಡೆಗೆ ಮೇಲಿಂದ ಕೆಳಗೆ ಅಂಟಿಕೊಂಡಂತೆ ನಿಂತಿತು. ಪೆದ್ದಯ್ಯ ಅಂದು ತನ್ನ ಕೂಲಿಯಾಳುಗಳಿಗೆಲ್ಲ ಮಿರ್ಚಿ ಬಜ್ಜಿ ಕೊಡಿಸಿದ ಎಂದು ಓಣಿಯಲ್ಲಿ ಸುದ್ದಿ. ಅನಂತಮ್ಮ ಮಾತ್ರ ನಗಲಿಲ್ಲ. ಮರುವಾರ ಮಕ್ತಲದಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣಿನ ಫೋಟೋ ತೆಗೆಯುತ್ತಾರಂತೆ ಎಂದು ಕೇಳಿ, ಗಂಡನನ್ನು ಬಸ್ಸಿಗೆ ಹತ್ತಿಸಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕ? ನನ್ನ ಕಣ್ಣು ನನಗ ಗೊತ್ತಿಲ್ಲೇನು?" ಎಂದು ದಾರಿಯುದ್ದಕ್ಕೂ ಗೊಣಗಿದ. ಫೋಟೋ ಎಂದಿದ್ದಕ್ಕೆ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದು, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಅಲ್ಲಿ ನೋಡಿದರೆ ಗದ್ದವನ್ನು ಒಂದು ಬಟ್ಟಲಿಗೆ ಇಟ್ಟು, ಕಣ್ಣಿಗೆ ಬೆಳಕು ಹೊಡೆದು, ಕಣ್ಣಿನ ಒಳಗೋಡೆಯ ಫೋಟೋ ತೆಗೆದರು. ಬೈತಲೆ ಯಾರಿಗೂ ಬೇಕಾಗಿರಲಿಲ್ಲ. ಕಿತ್ತಳೆ ಬಣ್ಣದ ಆ ಫೋಟೋದಲ್ಲಿ ಕೆಂಪು ಚುಕ್ಕಿ, ಹಳದಿ ಚುಕ್ಕಿ. ನೋಡಿದವರು ತಡ ಮಾಡಬೇಡಿ ಎಂದು ಗದ್ವಾಲದ ಕಣ್ಣಿನ ದವಾಖಾನೆಗೆ ಚೀಟಿ ಬರೆದುಕೊಟ್ಟರು.

ಗದ್ವಾಲಕ್ಕೆ ಹೋಗುವುದೆಂದರೆ ನಾರಾಯಣಪೇಟೆಯ ನೇಕಾರನಿಗೆ ಬೀಗರ ಮನೆಗೆ ಸಾಲ ಕೇಳಲು ಹೋದಷ್ಟೇ ಕಷ್ಟ. ಅವರದು ರೇಷ್ಮೆ ಅಂಚಿನ ಸೀರೆ, ಇವರದು ಚೌಕಳಿ. ಯಾವುದು ಮೇಲು ಎಂಬ ಜಗಳಕ್ಕೆ ಅಜ್ಜಂದಿರ ಕಾಲದಿಂದ ತೀರ್ಪು ಬಂದಿಲ್ಲ. ಮಕ್ತಲ ದಾಟಿ, ಜುರಾಲ ಅಣೆಕಟ್ಟಿನ ಮೇಲೆ ಕೃಷ್ಣೆಯನ್ನು ದಾಟುವಾಗ ನರಸಿಂಹುಲು, "ಹೋಗಿ ಹೋಗಿ ಗದ್ವಾಲದವರ ಕೈಗೇ ಕಣ್ಣು ಕೊಡಬೇಕಾತಲ್ಲ" ಎಂದ. ಅನಂತಮ್ಮ ಕಿಟಕಿಯ ಆಚೆ ನೀರು ನೋಡುತ್ತ, "ಕಣ್ಣು ಉಳದ್ರ ಸಾಕು, ಯಾರ ಕೈಯಾದರೇನು" ಎಂದಳು.

ಅಲ್ಲಿ ಸ್ಕ್ಯಾನ್ ತೆಗೆಯುವ ಹುಡುಗಿಯ ಹೆಸರು ಸ್ರವಂತಿ. ನೇಕಾರರ ಮನೆಯ ಮಗಳು, ಗದ್ವಾಲದವಳೇ. ಹಸಿರು ಚುಕ್ಕೆಯೊಂದನ್ನು ರೆಪ್ಪೆ ಬಡಿಯದೆ ನೋಡಿ ಎಂದು ಹೇಳಿ, ಸೂಜಿಯಿಲ್ಲದೆ, ಕತ್ತರಿಯಿಲ್ಲದೆ, ಬೆಳಕಿನಿಂದಲೇ ಕಣ್ಣಿನ ಪರದೆಯನ್ನು ಅಡ್ಡಡ್ಡ ಸೀಳಿದಂತೆ ಚಿತ್ರ ತೆಗೆದಳು. ಕಂಪ್ಯೂಟರಿನಲ್ಲಿ ಪದರದ ಮೇಲೆ ಪದರ, ನುಣ್ಣನೆಯ ಎಳೆಗಳು. ನಡುಮಧ್ಯದಲ್ಲಿ ಎಳೆಗಳೆಲ್ಲ ಮೇಲಕ್ಕೆ ಉಬ್ಬಿದ್ದವು, ಉಬ್ಬಿನೊಳಗೆ ಕಪ್ಪು ಗುಳ್ಳೆಗಳು.

"ಇದು ನಿಮ್ಮ ಬಲಗಣ್ಣು, ಕಾಕಾ. ಹಿಂದಿನ ಪರದೀ. ನಾವು ನೋಡೋದೆಲ್ಲ ಬಂದು ಬೀಳೋದು ಇಲ್ಲೇ. ಸಕ್ಕರಿಯಿಂದ ರಕ್ತನಾಳ ಸೋರಿ ನೀರು ಹೊಕ್ಕೈತಿ."

ನರಸಿಂಹುಲು ಕನ್ನಡಕ ಏರಿಸಿ ಚಿತ್ರದ ಹತ್ತಿರ ಬಗ್ಗಿದ. ಡಾಕ್ಟರಮ್ಮ ಬಂದು ವಿವರಿಸುವ ಮೊದಲೇ ಅವನಿಗೆ ಅರ್ಥವಾಗಿತ್ತು. ಮಳೆಗಾಲದಲ್ಲಿ ಮಗ್ಗದ ಕುಣಿಗೆ ನೀರು ಜಿನುಗಿದರೆ ನೆಲದ ಬಂಡೆ ಎದ್ದು, ಮೇಲಿನ ಹಾಸೆಲ್ಲ ಎದ್ದು ಕೂರುತ್ತದಲ್ಲ, ಹಾಗೆ. "ಎಷ್ಟು ಎದ್ದೈತಿ?" ಎಂದು ಕೇಳಿದ.

"ಪರದೀ ದಪ್ಪ ಐನೂರಾ ಹನ್ನೆರಡು. ಸಾವಿರ ಆದರ ಒಂದು ಮಿಲಿಮೀಟರ್. ಮುನ್ನೂರಕ್ಕಿಂತ ಕೆಳಗ ಬರಬೇಕು."

ಆಮೇಲೆ ಅವಳು ಚೌಕಳಿ ಗೆರೆಗಳಿದ್ದ ಒಂದು ಕಾಗದ ಹಿಡಿದು, ನಡುವಿನ ಚುಕ್ಕೆ ನೋಡಿ, ಗೆರೆ ಹೇಗೆ ಕಾಣುತ್ತವೆ ಎಂದಳು. ನಡುವೆ ತಗ್ಗು ಬಿದ್ದಿತ್ತು. ಆ ಕಾಗದವನ್ನು ಮನೆಯ ಗೋಡೆಗೆ ಅಂಟಿಸಿ ದಿನಾ ಬೆಳಿಗ್ಗೆ ನೋಡಬೇಕು, ಗೆರೆ ಸೊಟ್ಟಗೆ ಕಂಡರೆ ಗುರುತು ಹಾಕಿ ತರಬೇಕು ಎಂದು ಕೊಟ್ಟಳು. ತಿಂಗಳಿಗೊಂದು ಇಂಜಕ್ಷನ್, ಪ್ರತಿ ಸಲ ಮೊದಲು ಚಿತ್ರ, ಚಿತ್ರ ಹೇಳಿದಂತೆ ಮುಂದಿನ ಮಾತು ಎಂದರು ಡಾಕ್ಟರಮ್ಮ. ಇಂಜಕ್ಷನ್ ಕಣ್ಣಿಗೇ ಎಂದಾಗ ನರಸಿಂಹುಲು ಹೆಂಡತಿಯ ಕೈ ಹಿಡಿದದ್ದು, ಮದುವೆಯಾದ ಮೇಲೆ ನಾಲ್ಕು ಜನರ ಎದುರು ಅದೇ ಮೊದಲು. ಹನಿ ಹಾಕಿ ಮರಗಟ್ಟಿಸಿದರು. ಅವನು ಕುಲದೇವರ ಹೆಸರು ಪೂರ್ತಿ ಹೇಳಿ ಮುಗಿಸುವುದರೊಳಗೆ ಆಗಿಹೋಗಿತ್ತು.

ಎರಡನೆಯ ತಿಂಗಳು ನಾನೂರಾ ಮೂವತ್ತು. ಮೂರನೆಯ ತಿಂಗಳು ಮುನ್ನೂರಾ ನಲವತ್ತು. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಈ ಸಂಖ್ಯೆಗಳನ್ನು ಪರೀಕ್ಷೆಯ ಅಂಕ ಹೇಳಿದಂತೆ ಹೇಳುತ್ತಿದ್ದ. ಕಡಿಮೆ ಬಂದರೆ ಪಾಸು ಎಂಬ ಈ ವಿಚಿತ್ರ ಪರೀಕ್ಷೆ ಅವರಿಗೆ ತಿಳಿಯುತ್ತಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದರು. ಮಾತ್ರೆಯನ್ನು ಈಗ ಅನಂತಮ್ಮ ಎದುರಿಗೆ ನಿಂತು ನುಂಗಿಸುತ್ತಿದ್ದಳು.

ಇಷ್ಟೆಲ್ಲ ಸರಿ. ಗದ್ವಾಲದ ಕಾಗದವನ್ನು ಮಾತ್ರ ಅವನು ಗೋಡೆಗೆ ಅಂಟಿಸಲಿಲ್ಲ. ನಲವತ್ತೆಂಟು ವರ್ಷ ಚೌಕಳಿ ನೇಯ್ದವನಿಗೆ ಅಚ್ಚು ಹಾಕಿದ ಚೌಕಳಿ ತೋರಿಸುತ್ತಾರೆಯೇ, ಅದೂ ಗದ್ವಾಲದವರು. ಮನೆಯಲ್ಲೇ ತಾನು ಇಪ್ಪತ್ತು ದಿನ ಬಡಿದು ನೆಟ್ಟಗೆ ಮಾಡಿದ ಸೀರೆ ಇರುವಾಗ ಕಾಗದ ಯಾಕೆ. ಹೀಗಾಗಿ ದಿನಾ ಬೆಳಿಗ್ಗೆ ಬಾಗಿಲಿಗೆ ಬಿಸಿಲು ಬಿದ್ದೊಡನೆ ಅನಂತಮ್ಮ ಆ ಸೀರೆಯ ಸೆರಗನ್ನು ಎರಡೂ ಕೈಗಳಿಂದ ಅಗಲಕ್ಕೆ ಹಿಡಿದು ಹೊಸ್ತಿಲ ಮೇಲೆ ನಿಲ್ಲುವುದು, ನರಸಿಂಹುಲು ಮೂರು ಹೆಜ್ಜೆ ದೂರ ಕೂತು ಬಲಗಣ್ಣಿಂದ ನೋಡುವುದು ಎಂದಾಯಿತು. ದಾರಿಯಲ್ಲಿ ಹೋಗುವವರು, "ಮಟ್ಟಗೋಲು ಈ ವಯಸ್ಸಿನಾಗ ಹೇಂತೀನ ನೋಡಾಕ ಸುರು ಮಾಡ್ಯಾನ" ಎಂದು ನಗುತ್ತಿದ್ದರು. ಅನಂತಮ್ಮ ನಾಚುತ್ತಿದ್ದಳು, ಸೆರಗು ಮಾತ್ರ ಬಿಡುತ್ತಿರಲಿಲ್ಲ.

ಮೊದಲ ತಿಂಗಳು ಗೆರೆಗಳು ನೆಟ್ಟಗೇ ಕಂಡವು. ಎರಡನೆಯ ಇಂಜಕ್ಷನ್ ಆದ ಮೇಲೆ ಒಂದು ಬೆಳಿಗ್ಗೆ ಬಲತುದಿಯಲ್ಲಿ ಗೆರೆಯೊಂದು ಮಿಸುಕಿದಂತಾಯಿತು. ಬಿಸಿಲಿಗೆ ಹಾಗಿರಬೇಕು ಎಂದುಕೊಂಡ. ನಾಲ್ಕು ದಿನಕ್ಕೆ ಇನ್ನೊಂದು ಗೆರೆ ವಾಲಿತು. ಮೂರನೆಯ ಇಂಜಕ್ಷನ್ ಆಗಿ ಹತ್ತು ದಿನಕ್ಕೆ ಸೆರಗಿನ ತುಂಬ ಅಲೆ, ಕೆರೆಗೆ ಗಾಳಿ ಬೀಸಿದ ಹಾಗೆ.

ನರಸಿಂಹುಲು ಲೆಕ್ಕ ಹಾಕಿದ. ಇಂಜಕ್ಷನ್ ಇಲ್ಲದಾಗ ನೆಟ್ಟಗಿದ್ದ ಸೀರೆ ಇಂಜಕ್ಷನ್ ಹಾಕಿದಷ್ಟೂ ಸೊಟ್ಟವಾಗುತ್ತಿದೆ ಎಂದರೆ ಅರ್ಥವೇನು? ಇದ್ದ ಒಂದು ಕಣ್ಣನ್ನೂ ಅವರ ಸೂಜಿ ತಿನ್ನುತ್ತಿದೆ ಎಂದಲ್ಲವೇ? ಎಡಗಣ್ಣು ಹೋದಾಗ ಅವನು ಹೆದರಿರಲಿಲ್ಲ, ಈಗ ಹೆದರಿದ. ಮಗ್ಗವಿಲ್ಲದ ಬೆಳಗು ಹೇಗಿರುತ್ತದೆ ಎಂದು ಯೋಚಿಸಿದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ.

"ನೆಟ್ಟಗೈತಲ್ಲ?" ಎಂದು ಸೆರಗು ಹಿಡಿದ ಅನಂತಮ್ಮ ದಿನಾ ಕೇಳುತ್ತಿದ್ದಳು.

"ನೆಟ್ಟಗೈತಿ" ಎಂದು ಅವನು ದಿನಾ ಹೇಳುತ್ತಿದ್ದ. ಅವಳು ಮತ್ತೆ ಮೂರು ದಿನ ಅಳುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಅವಳು ಸೆರಗನ್ನು ಬೇಗ ಬೇಗ ಮಡಚಿಕೊಂಡು ಒಳಗೆ ಹೋಗುತ್ತಿದ್ದದ್ದನ್ನು ಅವನು ಗಮನಿಸಲಿಲ್ಲ.

ನಾಲ್ಕನೆಯ ಸಲ ಗದ್ವಾಲಕ್ಕೆ ಹೊರಟಾಗ ಅವನು ಮನಸ್ಸು ಗಟ್ಟಿ ಮಾಡಿದ್ದ. ಇನ್ನು ಸೂಜಿ ಬೇಡ. ಉಳಿದಷ್ಟು ಕಣ್ಣು ಉಳಿಯಲಿ. ಹೆಂಡತಿಗೆ ತಿಳಿಯದಂತೆ ಆ ಸೀರೆಯನ್ನು ಚೀಲದ ತಳದಲ್ಲಿ ಇಟ್ಟುಕೊಂಡ, ಸಾಕ್ಷಿಗೆ. ಬಸ್ಸಿನಲ್ಲಿ ಪಕ್ಕದವರಿಗೆ ಯಾವ ಸಂಖ್ಯೆಯನ್ನೂ ಹೇಳಲಿಲ್ಲ.

ಸ್ರವಂತಿ ಚಿತ್ರ ತೆಗೆದವಳೇ ನಕ್ಕಳು. "ಕಾಕಾ, ಇನ್ನೂರಾ ಎಪ್ಪತ್ತು. ಪಾಸಾದ್ರಿ." ನಾಲ್ಕು ತಿಂಗಳ ನಾಲ್ಕು ಚಿತ್ರಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ತೋರಿಸಿದಳು. ಮೊದಲನೆಯದರಲ್ಲಿ ಗುಡ್ಡ, ಆಮೇಲೆ ದಿಬ್ಬ, ಆಮೇಲೆ ಬದು, ಕೊನೆಯದರಲ್ಲಿ ಎಳೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಮಲಗಿದ್ದವು, ನಡುವೆ ಇರಬೇಕಾದ ಸಣ್ಣ ಕುಳಿಯೊಂದು ಬಿಟ್ಟು.

ನರಸಿಂಹುಲು ಆ ಚಿತ್ರವನ್ನು ನೋಡಿದ. "ನಿಮ್ಮ ಮಿಷನ್ ಸುಳ್ಳು ಹೇಳಾಕತ್ತೈತಿ, ತಂಗೀ. ನನ್ನ ಕಣ್ಣು ಹೋಗಾಕತ್ತೈತಿ. ನಾನು ಯಾರಿಗೂ ಹೇಳಿಲ್ಲ. ಸೂಜಿ ಹಾಕಿಸಿಕೊಂಡಷ್ಟೂ ಗೆರಿ ಸೊಟ್ಟ ಕಾಣತಾವು."

ಅನಂತಮ್ಮ ಬೆಂಚಿನಿಂದ ಎದ್ದು ನಿಂತಳು. ಸ್ರವಂತಿಯ ನಗು ಹೋಯಿತು. ಅವಳು ಮೇಜಿನ ಮೇಲಿನ ಚೌಕಳಿ ಕಾಗದ ತೆಗೆದು ಅವನ ಮುಂದೆ ಹಿಡಿದಳು. "ಇದನ್ನ ನೋಡ್ರಿ. ಎಲ್ಲಿ ಸೊಟ್ಟ ಐತಿ, ಬೆರಳಿಟ್ಟು ತೋರಸ್ರಿ."

ಅವನು ನೋಡಿದ. ಬೆರಳು ಮೇಲೆತ್ತಿದ, ಇಳಿಸಿದ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ನೇಕಾರ ನೋಡುವ ಹಾಗೆ ನೋಡಿದ. ಒಂದು ಗೆರೆಯೂ ವಾಲಿರಲಿಲ್ಲ. "ಇದು ನೆಟ್ಟಗೈತಿ" ಎಂದ, ಮೋಸ ಹೋದವನ ಹಾಗೆ. "ಆದರ ಇದರಾಗ ಸೊಟ್ಟ ಕಾಣತೈತಿ" ಎಂದು ಚೀಲಕ್ಕೆ ಕೈ ಹಾಕಿ ಸೀರೆ ತೆಗೆದು ಮೇಜಿನ ಮೇಲೆ ಹರಡಿದ.

ಸ್ರವಂತಿ ಸೀರೆ ನೋಡಿದಳು. ನೇಕಾರರ ಮನೆಯ ಹುಡುಗಿ, ಅವಳಿಗೆ ಎರಡನೆಯ ಸಲ ನೋಡುವ ಅಗತ್ಯವಿರಲಿಲ್ಲ. ಆದರೆ ಹಿರಿಯ ನೇಕಾರನ ಎದುರು ಆ ಮಾತು ಹೇಳಲು ಬಾಯಿ ಬರದೆ ಅನಂತಮ್ಮನ ಕಡೆ ನೋಡಿದಳು.

"ಸೊಟ್ಟ ಐತಿ" ಎಂದಳು ಅನಂತಮ್ಮ. "ಮೊದಲಿಂದ ಸೊಟ್ಟ ಐತಿ. ಮಗ್ಗದಿಂದ ಇಳಿಸಿದ ದಿನಾನೂ ಹಿಂಗ ಇತ್ತು. ನಾನು ಸುಳ್ಳು ಹೇಳಿದೆ."

"ಯಾಕ?"

"ಇನ್ನೊಂದು ಕಣ್ಣು ಹೋಗಿತ್ತಲ್ಲ. ಇರೋ ಒಂದು ಕಣ್ಣಿಂದ ಇಪ್ಪತ್ತು ದಿನ ಕೂತು ನೇಯ್ದಿದ್ರಿ. ಅದಕ್ಕ ಸೊಟ್ಟ ಅಂತ ಹೆಂಗ ಹೇಳಲಿ? ಆಮ್ಯಾಲೆ ದಿನಾ ಹೇಳಬೇಕು ಅನಕೊಂಡೆ. ನೀವ ದಿನಾ ನೆಟ್ಟಗೈತಿ ಅಂದ್ರಿ. ಕಣ್ಣು ಇನ್ನೂ ಸುಧಾರಿಸಿಲ್ಲ ಅಂತ ನಾನು ಒಳಗ ಹೋಗಿ ಅಳತಿದ್ದೆ."

ನರಸಿಂಹುಲು ಸೀರೆಯನ್ನು ಎತ್ತಿ ಬೆಳಕಿಗೆ ಹಿಡಿದ. ಒಂದು ಅಲೆ, ಎರಡು ಅಲೆ, ಅಂಚಿನ ಹತ್ತಿರ ಬಡಿದು ಬಡಿದು ಗಂಟಾದ ಎಳೆ. ಜೀವನದಲ್ಲಿ ಅವನು ನೋಡಿದ ಅತಿ ಸೊಟ್ಟ ಸೀರೆ ಅದು, ನೇಯ್ದವನು ಅವನೇ. ಅವನ ಹೊಟ್ಟೆಯಿಂದ ನಗು ಎದ್ದಿತು. ನಗುತ್ತ ನಗುತ್ತ ಕಣ್ಣೀರು ಬಂತು, ಎರಡೂ ಕಣ್ಣಲ್ಲಿ. ಕಣ್ಣು ಉಳಿದಿತ್ತು. ಪೂರ್ತಿ ಉಳಿದಿತ್ತು.

"ಪೆದ್ದಯ್ಯ ಕಟ್ಟಿದ ಗೋಡಿಗಿಂತ ಸೊಟ್ಟ ಐತಲ್ಲೇ ಇದು" ಎಂದ ಹೆಂಡತಿಗೆ. "ಇದನ್ನ ಉಟಗೊಂಡು ನೀರಿಗೆ ಹೋಗಿದ್ದೆಲ್ಲ, ನಿನಗ ನಾಚಿಕಿ ಆಗಲಿಲ್ಲ?"

"ಆತು. ಆದರೂ ಉಟ್ಟೆ."

ಡಾಕ್ಟರಮ್ಮ ಬಂದು ಚಿತ್ರ ನೋಡಿ, ಇವತ್ತು ಇಂಜಕ್ಷನ್ ಬೇಡ, ಆರು ವಾರ ಬಿಟ್ಟು ಬನ್ನಿ, ಚಿತ್ರ ತೆಗೆದು ನೋಡೋಣ ಎಂದರು. ನೀರು ಮತ್ತೆ ತುಂಬಬಹುದು, ಕಣ್ಣಿಗೆ ಗೊತ್ತಾಗುವ ಮೊದಲೇ ಚಿತ್ರಕ್ಕೆ ಗೊತ್ತಾಗುತ್ತದೆ, ಅದಕ್ಕೇ ಬರುವುದು ತಪ್ಪಿಸಬೇಡಿ ಎಂದು ಎರಡು ಸಲ ಹೇಳಿದರು. ಸೂಜಿ ಬೇಡ ಎನ್ನಲು ಬಂದಿದ್ದ ನರಸಿಂಹುಲು, "ಇರಲಿ, ಬಂದೀನಿ, ಒಂದು ಹಾಕೇಬಿಡ್ರಿ" ಎಂದು ದುಂಬಾಲು ಬಿದ್ದ. ಅವರು ನಕ್ಕು ಕಳಿಸಿದರು.

ಬರುವ ಬಸ್ಸಿನಲ್ಲಿ ಅವನು ಮಕ್ತಲದ ತನಕ ಮಾತಾಡಿದ, ಮಕ್ತಲದಿಂದ ನಾರಾಯಣಪೇಟೆಯ ತನಕ ಸುಮ್ಮನೆ ಕೂತ. ಇಳಿದವನು ಮನೆಯ ಕಡೆ ತಿರುಗಲಿಲ್ಲ. ಸೀರೆಯ ಚೀಲ ಹಿಡಿದು ಆಶಪ್ಪನ ಅಂಗಳಕ್ಕೆ ಹೋದ. ಅನಂತಮ್ಮ ಹಿಂದಿನಿಂದ ಬಂದಳು.

ಆಶಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಕಟ್ಟು ಬಿಚ್ಚುತ್ತಿದ್ದ. ಐದು ತಿಂಗಳ ಮೇಲೆ ಎದುರಿಗೆ ನಿಂತವನನ್ನು ನೋಡಿ ಏಳಲೂ ಇಲ್ಲ, ಬಾ ಎನ್ನಲೂ ಇಲ್ಲ. ನರಸಿಂಹುಲು ಸೀರೆಯನ್ನು ಅವನ ತೊಡೆಯ ಮೇಲಿಟ್ಟ. ಅಕ್ಕಪಕ್ಕದ ಕಟ್ಟೆಗಳಲ್ಲಿ ಜನ ಇದ್ದರು. ಅವರಿಗೆಲ್ಲ ಕೇಳಲಿ ಎಂದೇ ಅವನು ಜೋರಾಗಿ ಹೇಳಿದ.

"ನಿನ್ನ ಕೈ ಸೊಟ್ಟ ಅಲ್ಲ. ಹಾಸು ನೆಟ್ಟಗ ಇತ್ತು. ನನ್ನ ಕಣ್ಣು ಸೊಟ್ಟ ಆಗಿತ್ತು, ಗದ್ವಾಲದಾಗ ಚಿತ್ರ ತಗದು ತೋರಿಸ್ಯಾರ. ನಾಕು ಮಂದಿ ಮುಂದ ನಿನ್ನ ಹೆಸರು ಕೆಡಿಸೀನಿ. ತಪ್ಪಾತು."

ಆಶಪ್ಪ ಸೀರೆಯ ಒಂದು ಮಡಿಕೆ ಬಿಚ್ಚಿದ. ಉದ್ದದ ಎಳೆಗಳ ಮೇಲೆ ಹೆಬ್ಬೆರಳು ಓಡಿಸಿದ, ತಾನು ಕೆಚ್ಚಿದ ಎಳೆಗಳು. ಬಹಳ ಹೊತ್ತು ಓಡಿಸಿದ. "ಇಷ್ಟು ಹೇಳಾಕ ಗದ್ವಾಲಕ್ಕ ನಾಕು ಸಲ ಹೋಗಬೇಕಾತೇನೋ?" ಎಂದು ಬೈದು, ಒಳಗೆ ಕೂಗಿ ಒಂದು ಕಪ್ಪು ಚಹಾ ಹೇಳಿದ. "ಸಕ್ಕರಿ ಹಾಕಬ್ಯಾಡ್ರಿ. ನನಗೂ ಆರು ವರ್ಷ ಆತು ಸಕ್ಕರಿ ಬಂದು."

ನರಸಿಂಹುಲು ಅವನ ಕಡೆ ತಿರುಗಿ ಕೂತ. "ಆರು ವರ್ಷ? ಕಣ್ಣು ತೋರಿಸೀದಿಯೇನು?"

"ತೋರಸಾಕ ಏನೈತಿ? ನನಗ ಎಲ್ಲಾ ನೆಟ್ಟಗ ಕಾಣತೈತಿ."

ನರಸಿಂಹುಲು ಅವನ ತೊಡೆಯ ಮೇಲಿದ್ದ ಆ ಸೀರೆಯನ್ನು ನೋಡಿದ. "ನನಗೂ ಎಲ್ಲಾ ನೆಟ್ಟಗ ಕಾಣತಿತ್ತು, ಆಶಪ್ಪ" ಎಂದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಗದ್ವಾಲಕ್ಕೆ ಹೋದರು.